ಮೊದಲ ಸಾಲಿನ ಉಸಿರು

ಬ್ಯಾರಿಕೇಡನ್ನು ಬಿಡಬೇಡಿ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ. ಮಧ್ಯಾಹ್ನದಿಂದ ಕ್ಯೂನಲ್ಲಿ ನಿಂತು, ಗೇಟು ತೆಗೆದ ಕೂಡಲೇ ಕೆಸರಲ್ಲಿ ಓಡಿ, ಜಾರಿ ಮಂಡಿಯೂರಿ, ಎದ್ದು ಮತ್ತೆ ಓಡಿ ಹಿಡಿದ ಜಾಗ ಇದು. ನಿಮ್ಮ ಮುಂದೆ ಇನ್ನು ಯಾರ ತಲೆಯೂ ಇಲ್ಲ. ಎದೆಮಟ್ಟದ ತಡೆ, ಅದರಾಚೆ ನಾಲ್ಕೈದು ಹೆಜ್ಜೆಯಷ್ಟು ಖಾಲಿ ನೆಲ, ಆಮೇಲೆ ವೇದಿಕೆ. ಅಂಗಿ ಬೆನ್ನಿಗೆ ಅಂಟಿದೆ. ಬೂಟಿನೊಳಗೆ ನೀರು ನುಗ್ಗಿ ಕಾಲ್ಬೆರಳು ಮರಗಟ್ಟಿವೆ. ತುಳಿದ ಹುಲ್ಲಿನ ವಾಸನೆ, ಜನರೇಟರಿನ ಡೀಸೆಲ್ ಹೊಗೆ, ಸಿಗರೇಟು, ಸಾವಿರಾರು ಮೈಗಳ ಬೆವರು. ವೇದಿಕೆಯ ಮೇಲೆ ಯಾರೋ ಡ್ರಮ್ಮಿನ ಹಿಂದೆ ಕೂತು ಒಂದೇ ಪೆಟ್ಟು ಹಾಕಿ ಪರೀಕ್ಷಿಸುತ್ತಾನೆ: ಧಬ್. ತಡೆದು ಮತ್ತೆ: ಧಬ್. ಪ್ರತಿ ಪೆಟ್ಟೂ ನೇರ ಹೊಟ್ಟೆಗೇ ಬಂದು ಬೀಳುತ್ತದೆ.

2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನ. ಇನ್ನು ಸ್ವಲ್ಪ ಹೊತ್ತಿಗೆ ಮೆಟಾಲಿಕಾ ಬರುತ್ತದೆ.

ಬೆಳಗಿನ ಜಾವ ದಾವಣಗೆರೆಯ ಬಸ್ಸಿಳಿದು ಮೆಜೆಸ್ಟಿಕ್ಕಿನಲ್ಲಿ ಟೀ ಕುಡಿದಾಗಿನಿಂದ ಈ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳುತ್ತಿದ್ದೀರಿ. ನಂಬಿಕೆ ಮಾತ್ರ ಇನ್ನೂ ಬಂದಿಲ್ಲ. ಹಾಸ್ಟೆಲ್ಲಿನಲ್ಲಿ ಒಬ್ಬರಿಂದ ಒಬ್ಬರು ಕಾಪಿ ಮಾಡಿಕೊಂಡ ಹಾಡುಗಳು ಅವು. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ, ಅಪ್ಪನ ಜೊತೆ ಮಾತು ಬಿಟ್ಟ ದಿನಗಳಲ್ಲಿ, ಇಯರ್‌ಫೋನಿನ ಒಂದು ಕಡೆ ಕೆಟ್ಟು ಹೋಗಿದ್ದರೂ ಬಿಡದೆ ಕೇಳಿದ ಹಾಡುಗಳು. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ತಂಡಕ್ಕೆ ಮೂವತ್ತು ತುಂಬಿದೆ. ಭಾರತದ ನೆಲದಲ್ಲಿ ಅದು ಈವರೆಗೆ ಒಂದೇ ಒಂದು ಹಾಡನ್ನೂ ನುಡಿಸಿಲ್ಲ. ಇದೇ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿತ್ತು, 2007ರಲ್ಲಿ ಐರನ್ ಮೇಡನ್ ಬಂದಿತ್ತು. ಆಗ ನೀವು ಚಿಕ್ಕವರು. ಸೀನಿಯರುಗಳು ಹೇಳಿದ ಕಥೆಗಳಷ್ಟೇ ನಿಮ್ಮ ಪಾಲಿಗೆ ಸಿಕ್ಕವು. ಇವತ್ತಿನದು ನಿಮ್ಮದೇ.

ನಿಮ್ಮ ಎಡಕ್ಕೆ ಹಾಸ್ಟೆಲ್ ಗೆಳೆಯ. ಬಲಕ್ಕೆ ನಿಂತಿರುವ ಸಣಕಲು ಹುಡುಗ ದಿಲ್ಲಿಯವನು. ಅವನ ಮೊಣಕೈ ನಿಮ್ಮ ಪಕ್ಕೆಗೆ ಒತ್ತಿಕೊಂಡೇ ಇರುವುದರಿಂದ ಪರಿಚಯ ತಾನಾಗಿ ಆಗಿದೆ. ಸ್ನೇಹಿತರ ಹತ್ತಿರ ಸಾಲ ಮಾಡಿ ವಿಮಾನ ಹತ್ತಿ ಬಂದಿದ್ದಾನೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬಗ್ಗಿ ಬ್ಯಾರಿಕೇಡಿನ ಬುಡವನ್ನು ಕಾಲಿನಿಂದ ಒದ್ದು ನೋಡುತ್ತಾನೆ. ಯಾಕೆಂದು ನಿಮಗೆ ಗೊತ್ತು. ಮೊನ್ನೆ ಶುಕ್ರವಾರ ಗುಡಗಾಂವ್‌ನಲ್ಲಿ ಇದೇ ತಂಡ ನುಡಿಸಬೇಕಿತ್ತು. ಅವರು ವೇದಿಕೆಗೆ ಬರುವ ಮೊದಲೇ ಮುಂದಿನ ಬ್ಯಾರಿಕೇಡ್ ಮುರಿಯಿತು. ಕಾರ್ಯಕ್ರಮ ಮುಂದಕ್ಕೆ ಹೋಯಿತು ಎಂದರು, ಆಮೇಲೆ ರದ್ದಾಯಿತು. ಸಿಟ್ಟಿಗೆದ್ದ ಜನ ವೇದಿಕೆ ಹತ್ತಿ ಕೈಗೆ ಸಿಕ್ಕಿದ್ದನ್ನು ಮುರಿದರು. ಈ ಹುಡುಗ ಆ ರಾತ್ರಿ ಅಲ್ಲಿದ್ದ. "ಇಲ್ಲಿ ಗಟ್ಟಿಯಾಗಿದೆ," ಎಂದು ಹಿಂದಿಯಲ್ಲಿ ಹೇಳುತ್ತಾನೆ, ನಿಮಗಿಂತ ಹೆಚ್ಚಾಗಿ ತನಗೇ.

ಹಾಗಾಗಿ ಇವತ್ತು ಮೈದಾನದ ತುಂಬ ಒಂದು ಭಯ ಇದೆ, ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿಲ್ಲ. ಹಿಂದಿನಿಂದ ತಳ್ಳಾಟ ಶುರುವಾದಾಗಲೆಲ್ಲ ಒಂದಷ್ಟು ದನಿಗಳು "ನಿಧಾನ, ನಿಧಾನ" ಎಂದು ಕೂಗುತ್ತವೆ. ಇಲ್ಲಿ ಏನಾದರೂ ಮುರಿದರೆ ಈ ಸಂಜೆಯೂ ಇಲ್ಲ. ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ನುಡಿಸಿ ಹೋಗಿಯಾಯಿತು. ಅವರಿಗೆ ನೀವು ಪ್ರಾಮಾಣಿಕವಾಗಿ ಚಪ್ಪಾಳೆ ತಟ್ಟಿದ್ದೀರಿ, ಆದರೆ ನಿಮ್ಮ ಮನಸ್ಸು ಅಲ್ಲಿರಲಿಲ್ಲ.

ದೀಪಗಳು ಆರುತ್ತವೆ.

ಮೈದಾನದಿಂದ ಏಳುವ ಸದ್ದು ಚಪ್ಪಾಳೆಯಲ್ಲ, ಕೂಗೂ ಅಲ್ಲ. ಸಾವಿರಾರು ಜನ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಟ್ಟ ಸದ್ದು. ದೊಡ್ಡ ಪರದೆಯ ಮೇಲೆ 1966ರ ಹಳೆಯ ಕೌಬಾಯ್ ಸಿನಿಮಾ: ಸಮಾಧಿಗಳ ನಡುವೆ ಒಬ್ಬ ಹುಚ್ಚನಂತೆ ಓಡುತ್ತಿದ್ದಾನೆ. ಎನ್ನಿಯೊ ಮೊರಿಕೋನೆಯ ಸಂಗೀತ. 1983ರಿಂದ ಈ ತಂಡ ವೇದಿಕೆ ಹತ್ತುವ ಮೊದಲು ಕೇಳಿಸುವುದು ಇದನ್ನೇ. ಮಾತಿಲ್ಲದ ಆ ರಾಗವನ್ನು ಎಲ್ಲರೂ ಹಾಡುತ್ತಿದ್ದಾರೆ. ನಿಮ್ಮ ಗಂಟಲು ಕಟ್ಟಿದೆ, ದನಿ ಹೊರಡುತ್ತಿಲ್ಲ, ಕಣ್ಣು ಉರಿಯುತ್ತಿದೆ. ಗೆಳೆಯ ನಿಮ್ಮ ಭುಜ ಹಿಡಿದು ಅಲ್ಲಾಡಿಸುತ್ತಾನೆ. "ಗುರೂ, ಬಂದ್ರು! ಬಂದ್ರು ಗುರೂ!"

ಲಾರ್ಸ್ ಉಲ್ರಿಚ್ ಡ್ರಮ್ಮಿನ ಹಿಂದೆ ಎದ್ದು ನಿಂತಿದ್ದಾನೆ. ಕತ್ತಲಲ್ಲಿ ಎರಡು ಗಿಟಾರುಗಳ ಬಿಳಿ ಹೊಳಪು. ಮೊದಲ ಸ್ವರ ಬೀಳುತ್ತದೆ.

ಹಿಂದಿನಿಂದ ಇಡೀ ಮೈದಾನ ನಿಮ್ಮ ಮೇಲೆ ಬರುತ್ತದೆ.

ನಿಮ್ಮೂರ ಜಾತ್ರೆಯಲ್ಲಿ ತೇರು ಮಿಸುಕಿದ ಗಳಿಗೆ ಹಗ್ಗ ಹಿಡಿದವರೆಲ್ಲ ಒಂದೇ ಸಲ ಮುಂದಕ್ಕೆ ಎಳೆದುಕೊಂಡು ಹೋಗುತ್ತಾರಲ್ಲ, ಅದೇ ಬಲ ಇದು. ಆದರೆ ಇಲ್ಲಿ ಮುಂದಕ್ಕೆ ದಾರಿಯಿಲ್ಲ. ಬ್ಯಾರಿಕೇಡಿನ ಅಂಚು ಪಕ್ಕೆಲುಬಿನ ಕೆಳಗೆ ಹೂತುಕೊಳ್ಳುತ್ತದೆ. ಕಾಲು ನೆಲ ಬಿಟ್ಟಿದೆ. ನೀವು ಹಾರಿದ್ದಲ್ಲ, ನಿಮ್ಮನ್ನು ಎತ್ತಿದ್ದಾರೆ. ಉಸಿರು ಹೊರಗೆ ಹೋಯಿತು, ಒಳಗೆ ಬರುತ್ತಿಲ್ಲ. ಒಂದು. ಎರಡು. ಅಲೆ ಹಿಂದೆ ಸರಿಯುತ್ತದೆ. ಈಗ ಎಳೆದುಕೊಳ್ಳಿ. ಬೇಗ.

ಕೈಗಳನ್ನು ಮೇಲೆ ಎತ್ತಬೇಡಿ, ಕೆಳಗೂ ಬಿಡಬೇಡಿ. ಎದೆಯ ಮುಂದೆ ಮಡಚಿ ಹಿಡಿಯಿರಿ, ಪಕ್ಕೆಲುಬು ಹಿಗ್ಗುವುದಕ್ಕೆ ಅಂಗೈಯಗಲ ಜಾಗ ಉಳಿಯಲಿ. ಇದು ಸಣ್ಣ ಮಾತಲ್ಲ. 1979ರ ಡಿಸೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ದಿ ಹೂ ತಂಡವನ್ನು ನೋಡಲು ಬಂದು ಬಾಗಿಲ ಹೊರಗೆ ಕಾಯುತ್ತಿದ್ದ ಹನ್ನೊಂದು ಮಂದಿ ಸತ್ತರು. 2000ದಲ್ಲಿ ಡೆನ್ಮಾರ್ಕಿನ ರೊಸ್ಕಿಲ್ಡೆಯಲ್ಲಿ, ಪರ್ಲ್ ಜಾಮ್ ಹಾಡುತ್ತಿದ್ದಾಗಲೇ, ಒಂಬತ್ತು ಮಂದಿ. ಇಂಥ ಕಡೆ ಜನರನ್ನು ಕೊಲ್ಲುವುದು ಬಹುಪಾಲು ಕಾಲ್ತುಳಿತವಲ್ಲ. ಎಲ್ಲ ಕಡೆಯಿಂದ ಮೈ ಒತ್ತಿಕೊಂಡು, ಎದೆ ಹಿಗ್ಗದೆ, ನಿಂತಲ್ಲೇ ಉಸಿರು ನಿಲ್ಲುತ್ತದೆ. ಅಲ್ಲಿ ಸತ್ತವರೂ ನಿಮ್ಮ ಹಾಗೆ ಪ್ರೀತಿಯಿಂದ ಬಂದವರೇ.

ಹಾಡು 'ಕ್ರೀಪಿಂಗ್ ಡೆತ್', 1984ರದು. ಈಜಿಪ್ಟಿನ ಮೇಲೆ ಬಿದ್ದ ಶಾಪದ ಕಥೆ. ನಡುವೆ ಗಿಟಾರು ತಗ್ಗಿ, ಡ್ರಮ್ಮು ಒಂದೇ ಲಯಕ್ಕೆ ಇಳಿದು, ಜನ ಮುಷ್ಟಿ ಎತ್ತಿ ಒಂದೇ ಅಕ್ಷರವನ್ನು ಕೂಗುವ ಜಾಗ ಬರುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದೀರಿ. ಜೇಮ್ಸ್ ಹೆಟ್‌ಫೀಲ್ಡ್ ಮೈಕಿನಿಂದ ಹಿಂದೆ ಸರಿದು ಕೈಯಾಡಿಸುತ್ತಾನೆ, ಇನ್ನೂ ಜೋರಾಗಿ ಎಂದು. ನೀವು ಕೂಗುತ್ತೀರಿ. ಕೂಗಿದ ದನಿ ನಿಮಗೇ ಕೇಳಿಸುವುದಿಲ್ಲ. ಗಂಟಲು ಹರಿಯುತ್ತಿರುವುದಷ್ಟೇ ತಿಳಿಯುತ್ತದೆ. ಈ ಗಳಿಗೆಯಲ್ಲಿ ನಿಮಗೆ ಹೆಸರಿಲ್ಲ, ಊರಿಲ್ಲ, ಬ್ಯಾಕ್‌ಲಾಗ್ ಉಳಿದ ಸಬ್ಜೆಕ್ಟುಗಳಿಲ್ಲ. ಭಯ ಇದೆ, ಅದರ ಪಕ್ಕದಲ್ಲೇ ಈ ಸುಖವೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವಷ್ಟು ಜಾಗ ಎದೆಯೊಳಗೆ ಇಲ್ಲ.

ಆಗ ಬಲಗಡೆಯ ಮೊಣಕೈ ಸಡಿಲವಾಗುತ್ತದೆ.

ಇಷ್ಟು ಹೊತ್ತು ಪಕ್ಕೆಗೆ ಚುಚ್ಚುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಗಿದೆ. ತಿರುಗಿ ನೋಡಿ. ಹುಡುಗನ ಮುಖ ಬೂದಿ ಬಣ್ಣಕ್ಕೆ ತಿರುಗಿದೆ, ತುಟಿ ಒಣಗಿದೆ. ಬಾಯಿ ಅಲ್ಲಾಡುತ್ತಿದೆ. ಕಿವಿಯನ್ನು ಅವನ ಬಾಯಿಯ ಹತ್ತಿರ ತರುತ್ತೀರಿ. "ಭಯ್ಯಾ, ಸಾಂಸ್ ನಹೀ..." ಅಷ್ಟೇ ಕೇಳಿಸಿದ್ದು. ಹೊರಗೆ ಹೋಗೋಣ ಎಂದು ಕೈಸನ್ನೆ ಮಾಡುತ್ತೀರಿ. ಅವನು ತಲೆಯಾಡಿಸುತ್ತಾನೆ: ಬೇಡ. ಶುಕ್ರವಾರ ಒಮ್ಮೆ ಕಳೆದುಕೊಂಡದ್ದನ್ನು ಮೊದಲ ಹಾಡಿಗೇ ಮತ್ತೆ ಕಳೆದುಕೊಳ್ಳಲು ಅವನು ಸಿದ್ಧನಿಲ್ಲ. ಅವನ ಜಾಗದಲ್ಲಿ ನೀವಿದ್ದರೂ ಅದನ್ನೇ ಹೇಳುತ್ತಿದ್ದಿರಿ.

ಹಿಂದೆ ಮತ್ತೊಂದು ಅಲೆ ಹುಟ್ಟುತ್ತಿದೆ. ಬೆನ್ನಿಗೆ ಗೊತ್ತಾಗುತ್ತದೆ.

ಅವನನ್ನು ಎತ್ತಬೇಕಾದರೆ ನೀವು ಕೈ ಬಿಡಬೇಕು. ಬಿಟ್ಟರೆ ಈ ಜಾಗ ಎರಡು ಸೆಕೆಂಡಿನಲ್ಲಿ ಬೇರೆಯವರದ್ದು. ಗೆಳೆಯನಿಗೂ ಅರ್ಥವಾಗಿದೆ. "ಬಿಡ್ಬೇಡ ಗುರೂ, ಬಿಟ್ರೆ ಹೋಯ್ತು!" ಅವನು ಕೆಟ್ಟವನಲ್ಲ. ಹುಡುಗನ ಮುಖ ಅವನಿಗೆ ಕಾಣಿಸುತ್ತಿಲ್ಲ, ನಿಮಗೆ ಕಾಣಿಸುತ್ತಿದೆ. ವೇದಿಕೆಯ ಮೇಲೆ ಕರ್ಕ್ ಹ್ಯಾಮೆಟ್ ಗಿಟಾರನ್ನು ಎತ್ತಿ ಹಿಡಿದಿದ್ದಾನೆ, ನಿಮ್ಮ ಕಡೆಗೇ ಬರುತ್ತಿದ್ದಾನೆ, ಇಷ್ಟು ಹತ್ತಿರ. ಆ ಕಡೆ ನೋಡಬೇಡಿ. ನೋಡಿದರೆ ಕೈ ಬಿಡಲು ಆಗುವುದಿಲ್ಲ.

ಕೈ ಬಿಡುತ್ತೀರಿ.

ಬಗ್ಗಬೇಡಿ, ಬಗ್ಗಿದರೆ ಮೇಲೇಳಲಾಗದು. ಅವನ ಕಂಕುಳಿಗೆ ಎರಡೂ ಕೈ ಹಾಕಿ. "ಅಣ್ಣಾ! ಅಣ್ಣಾ, ಇಲ್ಲಿ!" ವೇದಿಕೆಗೆ ಬೆನ್ನು ಹಾಕಿ ನಿಂತ ಕಾವಲಿನವನು ನಿಮ್ಮನ್ನು ಆಗಲೇ ನೋಡಿದ್ದಾನೆ. ಈ ಮನುಷ್ಯರ ಬಗ್ಗೆ ಯಾರೂ ಬರೆಯುವುದಿಲ್ಲ. ತಲೆಯ ಮೇಲೆ ಜಗತ್ತಿನ ದೊಡ್ಡ ತಂಡ ನುಡಿಸುತ್ತಿದ್ದರೂ ಇಡೀ ರಾತ್ರಿ ಜನರ ಮುಖಗಳನ್ನೇ ನೋಡುತ್ತ ನಿಲ್ಲುವುದು ಇವರ ಕೆಲಸ, ಮತ್ತು ಆ ನೋಟದ ಮೇಲೆ ಎಷ್ಟೋ ಜೀವಗಳು ನಿಂತಿವೆ. ಅವನು ಮೆಟ್ಟಿಲ ಮೇಲೆ ಹತ್ತಿ ಹುಡುಗನ ಬೆಲ್ಟಿಗೆ ಕೈ ಹಾಕುತ್ತಾನೆ. ನೀವು ತಳ್ಳುತ್ತೀರಿ. ಹಿಂದಿನ ಯಾರದೋ ಕೈ ಕೂಡ ತಳ್ಳುತ್ತದೆ. ಅಲೆ ಬಂತು. ಬೆನ್ನಿಗೆ ಗುದ್ದಿತು. ಹುಡುಗ ಆಚೆ ಹೋದ.

"ನೀನೂ ಬರ್ತೀಯೇನೋ ತಮ್ಮಾ?" ಅಣ್ಣ ಕೈ ಚಾಚಿದ್ದಾನೆ.

ಹೋಗದಿದ್ದರೂ ಆಗುತ್ತದೆ. ಹುಡುಗ ಸುರಕ್ಷಿತವಾಗಿದ್ದಾನೆ, ನೀರು ಕೊಡುತ್ತಾರೆ. ನಿಮ್ಮ ಬಲಗೈಯ ಎರಡು ಬೆರಳು ಇನ್ನೂ ಬ್ಯಾರಿಕೇಡಿಗೆ ತಾಗಿವೆ. ಆದರೆ ಅವನಿಗೆ ಈ ಊರಿನಲ್ಲಿ ಯಾರೂ ಇಲ್ಲ. ಭಾಷೆಯೂ ಬರುವುದಿಲ್ಲ. ನೀವು ಆ ಕೈ ಹಿಡಿಯುತ್ತೀರಿ.

ಮೈ ಗಾಳಿಗೆ ಏರುತ್ತದೆ. ಹೊಟ್ಟೆ ಲೋಹಕ್ಕೆ ಉಜ್ಜಿ ಆ ಕಡೆ ಧೊಪ್ಪನೆ ಬೀಳುತ್ತೀರಿ. ಈಗ ತಲೆ ಎತ್ತಿ ನೋಡಿ. ಇಡೀ ಮೈದಾನದಲ್ಲಿ ನಿಮ್ಮಷ್ಟು ಹತ್ತಿರ ಈಗ ಯಾವ ಅಭಿಮಾನಿಯೂ ಇಲ್ಲ. ವೇದಿಕೆಯ ಅಂಚಿನಲ್ಲಿ ರಾಬರ್ಟ್ ಟ್ರುಹಿಯೋ ಮಂಡಿ ಬಾಗಿಸಿ, ಬಾಸ್ ಗಿಟಾರು ನೆಲ ಮುಟ್ಟುವ ಹಾಗೆ ಕುಕ್ಕರಿಸಿದ್ದಾನೆ. 1986ರಲ್ಲಿ ಸ್ವೀಡನ್ನಿನ ರಸ್ತೆಯಲ್ಲಿ ಬಸ್ಸು ಮಗುಚಿ ತಂಡದ ಆಗಿನ ಬಾಸ್ ವಾದಕ ಕ್ಲಿಫ್ ಬರ್ಟನ್ ಸತ್ತ ಮೇಲೆ ಆ ಜಾಗದಲ್ಲಿ ನಿಂತ ಯಾರಿಗೂ ಅದು ಹಗುರವಾಗಿರಲಾರದು. ಇವನ ಹಣೆಯ ಬೆವರು ನಿಮಗೆ ಕಾಣಿಸುತ್ತದೆ. ವೇದಿಕೆಯಡಿಯ ಸ್ಪೀಕರುಗಳಿಂದ ಬರುವ ಗಾಳಿಗೆ ನಿಮ್ಮ ಪ್ಯಾಂಟು ಪಟಪಟ ಬಡಿದುಕೊಳ್ಳುತ್ತದೆ, ಹಲ್ಲು ನಡುಗುತ್ತದೆ, ಶ್ವಾಸಕೋಶದೊಳಗೆ ಬೇರೆ ಯಾರೋ ಉಸಿರಾಡುತ್ತಿರುವಂತೆ ಎದೆ ಅದುರುತ್ತದೆ. ನಾಲ್ಕು ಸೆಕೆಂಡು, ಹೆಚ್ಚೆಂದರೆ ಐದು. "ನಡೀ, ನಡೀ," ಎಂದು ಪಕ್ಕಕ್ಕೆ ದೂಡುತ್ತಾರೆ.

ಪಕ್ಕದ ಹುಲ್ಲಿನ ಮೇಲೆ ಹುಡುಗ ಕೂತಿದ್ದಾನೆ. ತಲೆಯ ಮೇಲೆ ಯಾರೋ ಬಾಟಲಿಯ ನೀರು ಸುರಿದಿದ್ದಾರೆ. ಅಳುತ್ತಿದ್ದಾನೆ. ನೋವಿಗಲ್ಲ. ನೀವು ಏನೂ ಹೇಳದೆ ಪಕ್ಕದಲ್ಲಿ ಕೂರುತ್ತೀರಿ. ಅವನ ಮುಖಕ್ಕೆ ಬಣ್ಣ ಮರಳುವವರೆಗೆ ಒಂದೆರಡು ಹಾಡು ಹಾಗೇ ಹೋಗುತ್ತವೆ.

ಆಮೇಲೆ ಇಬ್ಬರೂ ಸುತ್ತು ಹಾಕಿ, ಮೈದಾನದ ನಡುವೆ ಸೌಂಡ್ ಎಂಜಿನಿಯರುಗಳು ಕೂತ ಅಟ್ಟಣಿಗೆಯ ಹತ್ತಿರ ಬರುತ್ತೀರಿ. ಶಬ್ದವನ್ನು ಹದ ಮಾಡುವವರು ಇಲ್ಲೇ ಇರುವುದರಿಂದ ಮುಂದೆ ಬರೀ ಅಬ್ಬರವಾಗಿದ್ದದ್ದು ಇಲ್ಲಿ ಸಂಗೀತವಾಗಿ ಕೇಳುತ್ತದೆ. ಹೆಟ್‌ಫೀಲ್ಡನ ಬಲಗೈ ತಂತಿಗಳನ್ನು ಕೆಳಮುಖವಾಗಿಯೇ ಹೊಡೆಯುವ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕಿವಿಗೆ ಬರುತ್ತದೆ. ಮೈದಾನದ ಇನ್ನೂ ಹಿಂದೆ, ನೂರು ಮೀಟರು ದೂರದಲ್ಲಿ ನಿಂತವರಿಗೆ ಉಲ್ರಿಚ್‌ನ ಕೋಲು ಡ್ರಮ್ಮಿಗೆ ಬಡಿದದ್ದು ಮೊದಲು ಕಂಡು, ವೇದಿಕೆಯ ಸದ್ದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಇಲ್ಲಿ ಆ ಅಂತರ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ಹಾಗೆಂದು ಮೊದಲ ಸಾಲು ಹೋದ ನೋವು ಹೋಗಿಲ್ಲ. ಪಕ್ಕೆಯಲ್ಲಿ ಉರಿಯುವ ಗಾಯದ ಜೊತೆ ಅದೂ ಉರಿಯುತ್ತಲೇ ಇದೆ.

ಕತ್ತಲು. ಗುಂಡಿನ ಸದ್ದು, ಸಿಡಿತ, ಬೆಳಕಿನ ಕೋರೈಸುವಿಕೆ. 'ಒನ್'. ಡಾಲ್ಟನ್ ಟ್ರಂಬೊನ 1939ರಲ್ಲಿ ಪ್ರಕಟವಾದ ಕಾದಂಬರಿಯಿಂದ ಹುಟ್ಟಿದ ಹಾಡು. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡು, ಬರೀ ಮನಸ್ಸೊಂದು ಎಚ್ಚರವಿರುವ ಸೈನಿಕನ ಕಥೆ. ಇದನ್ನು ಹಾಸ್ಟೆಲ್ಲಿನ ಮಂಚದ ಮೇಲೆ ಎಷ್ಟು ಸಲ ಕೇಳಿದ್ದರೂ ಅದು ನಿಮಗೆ ಕಥೆಯಾಗಿಯೇ ಉಳಿದಿತ್ತು. ಕೈ ಆಡಿಸಲಾಗದೆ, ದನಿ ತಲುಪಿಸಲಾಗದೆ, ಎಚ್ಚರವಾಗಿ ಸಿಕ್ಕಿಕೊಂಡಿರುವುದು ಎಂದರೇನೆಂದು ಈ ಸಂಜೆ ನಿಮ್ಮ ಪಕ್ಕೆಲುಬು ಸ್ವಲ್ಪ ಕಲಿತಿದೆ. ಗಿಟಾರು ಮೆಲ್ಲಗೆ ಶುರುವಾಗುತ್ತದೆ. ಹುಡುಗ ನಿಮ್ಮ ತೋಳನ್ನು ಹಿಡಿದುಕೊಂಡಿದ್ದಾನೆ. ಉಲ್ರಿಚ್‌ನ ಎರಡೂ ಪಾದ ಮೆಷಿನ್ ಗನ್ನಿನ ವೇಗದಲ್ಲಿ ಡ್ರಮ್ಮಿಗೆ ಇಳಿದಾಗ ಅವನ ಹಿಡಿತ ಬಿಗಿಯುತ್ತದೆ, ಉಗುರು ಚರ್ಮಕ್ಕೆ ನೆಡುತ್ತದೆ. ನೀವು ಬಿಡಿಸಿಕೊಳ್ಳುವುದಿಲ್ಲ.

ಮುಂದಿನದೆಲ್ಲ ವೇಗವಾಗಿ ಹೋಗುತ್ತದೆ. 'ಮಾಸ್ಟರ್ ಆಫ್ ಪಪೆಟ್ಸ್'ಗೆ ಮೈದಾನವೇ ಕುಣಿಯುತ್ತದೆ. 'ನಥಿಂಗ್ ಎಲ್ಸ್ ಮ್ಯಾಟರ್ಸ್'ಗೆ ಮೊಬೈಲುಗಳ ಬೆಳಕು ಕೊನೆಯ ಬೇಲಿಯವರೆಗೂ ಹರಡುತ್ತದೆ. ಪಕ್ಕದಲ್ಲಿ ನರೆತ ಗಡ್ಡದ ಒಬ್ಬರು ಕಣ್ಣು ಮುಚ್ಚಿ ಪ್ರತಿ ಪದವನ್ನೂ ಹಾಡುತ್ತಿದ್ದಾರೆ. ನೀವು ಹುಟ್ಟುವ ಮೊದಲಿನಿಂದಲೂ ಇವರು ಕಾಯುತ್ತಿರಬೇಕು.

ಕೊನೆಯ ಹಾಡು 'ಸೀಕ್ ಅಂಡ್ ಡೆಸ್ಟ್ರಾಯ್', 1983ರ ಮೊದಲ ಆಲ್ಬಮ್ಮಿನದು. ವೇದಿಕೆಯ ಬೆಳಕೆಲ್ಲ ಜನರ ಮೇಲೆ ತಿರುಗುತ್ತದೆ. ಈಗ ಮೊದಲ ಸಲ ನಿಮಗೆ ಎಲ್ಲರೂ ಕಾಣುತ್ತಾರೆ: ಮಂಡಿಯವರೆಗೆ ಕೆಸರು, ಹರಿದ ಕರಿ ಅಂಗಿಗಳು, ಹೆಗಲ ಮೇಲೆ ಕೂತ ಹುಡುಗಿಯರು, ಕೂಗಿ ಕೂಗಿ ದನಿ ಸತ್ತು ಬಾಯಿ ಮಾತ್ರ ತೆರೆದವರು. ಬ್ಯಾರಿಕೇಡು ನೆಟ್ಟಗೆ ನಿಂತಿದೆ. ಅದರ ಹತ್ತಿರ ಎಲ್ಲೋ ನಿಮ್ಮ ಗೆಳೆಯನಿದ್ದಾನೆ.

ಹುಡುಗ ನಿಮ್ಮ ತೋಳು ಬಿಟ್ಟು ಮುಂದಕ್ಕೆ ಬೆರಳು ಮಾಡುತ್ತಾನೆ. ಎಡಗಡೆ ಕಂಬದ ಪಕ್ಕದಲ್ಲಿ ಜನ ತೆಳುವಾಗಿದ್ದಾರೆ. ಅಲ್ಲಿಂದ ಅಂಚು ಹಿಡಿದು ಹೋದರೆ ಎಂಟು ಹತ್ತು ಸಾಲಿನಷ್ಟು ಹತ್ತಿರ ಹೋಗಬಹುದು, ಉಸಿರಿಗೂ ಜಾಗ ಇರುತ್ತದೆ. ಅವನ ಮುಖ ನೋಡುತ್ತೀರಿ: ಬಣ್ಣ ಇದೆ, ತುಟಿ ಕೆಂಪಗಿದೆ, ಕಣ್ಣು ಹೊಳೆಯುತ್ತಿದೆ. ಕೈಗಳನ್ನು ಎದೆಯ ಮುಂದೆ ಹೇಗೆ ಮಡಚಬೇಕೆಂದು ತೋರಿಸುತ್ತೀರಿ. ಅವನು ಹಾಗೇ ಮಡಚುತ್ತಾನೆ.

"ಚಲೋ!" ಎಂದು ಅವನ ಕಿವಿಯಲ್ಲಿ ಕೂಗುತ್ತೀರಿ, ಇಬ್ಬರೂ ಓಡುತ್ತೀರಿ.