ಹಲ್ಲುನೋವು ತಾನಾಗೇ ನಿಂತುಹೋದ್ರೆ (ಭಾಗ 4)

ಹಲ್ಲುನೋವು ಎರಡು ರಾತ್ರಿ ನಿದ್ದೆ ಕೆಡಿಸಿ ಮೂರನೇ ದಿನ ತಾನಾಗೇ ನಿಂತುಹೋಯ್ತು ಅಂದ್ಕೊಳ್ಳಿ. ನಾವೆಲ್ಲ ಏನು ಮಾಡ್ತೀವಿ? ‘ಅಬ್ಬಾ, ಹೋಯ್ತು’ ಅಂತ ಗೋಬಿ ತಿನ್ನೋಕೆ ಹೋಗ್ತೀವಿ. ಸ್ವಲ್ಪ ತಡೀರಿ. ಹಲ್ಲಿನ ಒಳಗೆ ನರ, ರಕ್ತನಾಳ ಇರೋ ಮೆತ್ತನೆಯ ಭಾಗ ಇದೆ, ಅದಕ್ಕೆ ಪಲ್ಪ್ ಅಂತಾರೆ. ಹುಳುಕು ಅಲ್ಲಿವರೆಗೆ ಇಳಿದಾಗ ಜೀವ ಹೋಗೋ ನೋವು. ಆ ಪಲ್ಪ್ ಸತ್ತುಹೋದ್ರೆ ನೋವು ಸುಮ್ಮನಾಗಬಹುದು. ಬ್ಯಾಕ್ಟೀರಿಯಾ ಸುಮ್ಮನಾಗಲ್ಲ. ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿದು ಅಲ್ಲಿ ಕೀವು ಕಟ್ಟುತ್ತೆ. ಡಾಕ್ಟರ್‌ಗಳು ಆಬ್ಸೆಸ್ ಅನ್ನೋದು ಇದಕ್ಕೇ. (ನಮ್ಮಜ್ಜಿ ಇವತ್ತಿಗೂ ‘ಹಲ್ಲಿಗೆ ಹುಳ ಬಿದ್ದಿದೆ’ ಅಂತಾರೆ. ಹುಳ ಗಿಳ ಏನೂ ಇಲ್ಲ, ಸಕ್ಕರೆ ತಿಂದು ಆಸಿಡ್ ಮಾಡೋ ಬ್ಯಾಕ್ಟೀರಿಯಾ ಅಷ್ಟೇ.)

ಇದನ್ನ ಇಷ್ಟು ಸೀರಿಯಸ್ಸಾಗಿ ಬರೀತಿರೋದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಯಲಹಂಕದಲ್ಲೇ ಆಟೋ ಓಡಿಸ್ತಾರೆ. ಕೆಳದವಡೆಯ ಹಿಂದಿನ ಹಲ್ಲು ಒಂದು ಅವರಿಗೆ ವರ್ಷದಿಂದ ಕಾಟ ಕೊಡ್ತಿತ್ತು. ಕೆನ್ನೆ ಊದಿದಾಗೆಲ್ಲ ಮೆಡಿಕಲ್ ಶಾಪ್‌ನಲ್ಲಿ ಹೇಳಿ ಮಾತ್ರೆ ತಗೊಳ್ಳೋರು, ಮೂರು ದಿನಕ್ಕೆ ಊತ ಇಳೀತಿತ್ತು, ಮತ್ತೆ ಸ್ಟ್ಯಾಂಡ್‌ಗೆ ಹೋಗೋರು. ಡೆಂಟಿಸ್ಟ್ ಹತ್ರ ಹೋದ್ರೆ ಒಂದು ದಿನದ ಬಾಡಿಗೆ ಹೋಗುತ್ತಲ್ಲ ಅನ್ನೋ ಲೆಕ್ಕ. ನಾಲ್ಕನೇ ಸಲ ಊತ ಕೆನ್ನೆಯಲ್ಲಿ ನಿಲ್ಲಲಿಲ್ಲ. ಗಲ್ಲದ ಕೆಳಗೆ, ಎರಡೂ ಕಡೆ, ಕಲ್ಲಿನ ಹಾಗೆ ಗಟ್ಟಿಯಾಯ್ತು. ಬಾಯಿ ಒಂದು ಬೆರಳಷ್ಟೂ ತೆರೆಯೋಕೆ ಆಗ್ತಿರಲಿಲ್ಲ. ಎಂಜಲು ನುಂಗೋಕಾಗದೆ ಸುರೀತಿತ್ತು. ಮಾತಾಡಿದ್ರೆ ಬಾಯಲ್ಲಿ ಬಿಸಿ ಅನ್ನ ಇಟ್ಕೊಂಡ ಹಾಗೆ ಕೇಳ್ತಿತ್ತು. ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಗೋಡೆಗೊರಗಿ ಕೂತೇ ಇದ್ರು. ಚಿಕ್ಕಮ್ಮ 108ಕ್ಕೆ ಫೋನ್ ಮಾಡಿದ್ರು.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಮೊದಲು ನೋಡಿದ್ದು ಹಲ್ಲನ್ನಲ್ಲ, ಉಸಿರನ್ನ. ಲುಡ್ವಿಗ್ಸ್ ಆಂಜೈನಾ ಅಂದ್ರು. ಆಂಜೈನಾ ಅಂದ್ರೆ ಹಾರ್ಟ್ ಅಂದ್ಕೊಂಡು ಚಿಕ್ಕಮ್ಮ ಅಳೋಕೆ ಶುರು ಮಾಡಿದ್ರು. ಇದು ಹಾರ್ಟಿಗೆ ಸಂಬಂಧಪಟ್ಟಿದ್ದಲ್ಲ. 1836ರಲ್ಲಿ ಲುಡ್ವಿಗ್ ಅನ್ನೋ ಜರ್ಮನ್ ಡಾಕ್ಟರ್ ವಿವರಿಸಿದ ಸೋಂಕು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ತುಂಬ ಕೆಳಗಿರುತ್ತೆ, ಹಾಗಾಗಿ ಅಲ್ಲಿನ ಸೋಂಕು ನಾಲಿಗೆಯ ಕೆಳಗೆ, ಕುತ್ತಿಗೆಯ ಕಡೆಗೆ ಹರಡಬಹುದು. ನಾಲಿಗೆ ಮೇಲಕ್ಕೆ, ಹಿಂದಕ್ಕೆ ತಳ್ಳಲ್ಪಟ್ಟು ಉಸಿರಿನ ದಾರಿ ಮುಚ್ಚುತ್ತೆ. ಗಲ್ಲದ ಕೆಳಗೆ ಕುಯ್ದು, ಕೊಳವೆ ಹಾಕಿ, ಆ ಹಲ್ಲು ಕಿತ್ತು, ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟು ಮೂರು ದಿನ ಐಸಿಯುನಲ್ಲಿ ಇಟ್ಕೊಂಡ್ರು. ಅವರಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೂ ಆವಾಗ್ಲೇ. ಶುಗರ್ ಇರೋರಿಗೆ ಇಂಥ ಸೋಂಕು ಬೇಗ ಹರಡುತ್ತಂತೆ.

ಈಗ ಮಾತ್ರೆ ವಿಷಯ. ಇಲ್ಲಿ ನನಗೆ ನಿಜವಾಗ್ಲೂ ಕೋಪ ಬರುತ್ತೆ. ಸತ್ತ ಪಲ್ಪ್‌ನಲ್ಲಿ ರಕ್ತ ಓಡಾಡಲ್ಲ. ರಕ್ತ ಹೋಗದ ಜಾಗಕ್ಕೆ ಮಾತ್ರೆ ಹೇಗೆ ಹೋಗುತ್ತೆ? ಸುತ್ತಲಿನ ಊತ ಇಳಿಯುತ್ತೆ, ಮೂಲ ಅಲ್ಲೇ ಕೂತಿರುತ್ತೆ. ಕೀವು ಹೊರಗೆ ಬರಬೇಕು: ಹಲ್ಲು ಕೊರೆದು ರೂಟ್ ಕೆನಾಲ್, ಇಲ್ಲಾ ವಸಡು ಕುಯ್ದು, ಇಲ್ಲಾ ಹಲ್ಲು ಕಿತ್ತು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಇದನ್ನೇ ಹೇಳಿದೆ. ಆರೋಗ್ಯವಂತ ದೊಡ್ಡವರಿಗೆ ಹೆಚ್ಚಿನ ಹಲ್ಲುನೋವಿಗೆ ಆಂಟಿಬಯೋಟಿಕ್ ಬೇಡ, ಹಲ್ಲಿನ ಚಿಕಿತ್ಸೆ ಬೇಕು. ಜ್ವರ ಬಂದು ಸೋಂಕು ಹರಡ್ತಿದ್ರೆ ಆ ಮಾತು ಬೇರೆ, ಅದನ್ನ ಡಾಕ್ಟರ್ ತೀರ್ಮಾನ ಮಾಡ್ತಾರೆ. ಆಂಟಿಬಯೋಟಿಕ್ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತೆ ನೋಡಿ, ಚೀಟಿ ಇಲ್ಲದೆ ತಗೋಬೇಡಿ ಅನ್ನೋದಕ್ಕೇ ಅದು.

ರಾತ್ರಿ ಹನ್ನೆರಡಕ್ಕೆ ಬರೀ ನೋವು ಅಂದ್ರೆ ಬೆಳಗಿನವರೆಗೆ ತಡ್ಕೊಳ್ಳೋಕೆ ಉಗುರುಬೆಚ್ಚಗಿನ ಉಪ್ಪುನೀರು, ಹೊರಗಿಂದ ತಣ್ಣನೆ ಬಟ್ಟೆ, ಪ್ಯಾರಾಸಿಟಮಾಲ್ ಸಾಕು. ಅದನ್ನೂ ಸ್ಟ್ರಿಪ್ ಮೇಲೆ ಬರೆದಷ್ಟೇ. ಮಾತ್ರೆ ಪುಡಿ ಮಾಡಿ ವಸಡಿಗೆ ಒತ್ತಬೇಡಿ, ಆಸ್ಪಿರಿನ್ ಆದ್ರಂತೂ ಚರ್ಮ ಸುಟ್ಟುಬಿಡುತ್ತೆ. ಪಿನ್ ತಗೊಂಡು ಗುಳ್ಳೆ ಒಡೀಬೇಡಿ. ಲವಂಗ ತಾತ್ಕಾಲಿಕವಾಗಿ ಮರಗಟ್ಟಿಸುತ್ತೆ, ಅದಕ್ಕಿಂತ ಹೆಚ್ಚೇನಿಲ್ಲ. ಆದ್ರೆ ಚಿಕ್ಕಪ್ಪನಿಗೆ ಆಗಿದ್ದರಲ್ಲಿ ಒಂದಾದ್ರೂ ಕಾಣಿಸಿದ್ರೆ, ಅಥವಾ ಊತ ಕಣ್ಣಿನ ಕಡೆ ಏರಿದ್ರೆ, ಬೆಳಗಾಗೋದನ್ನ ಕಾಯಬೇಡಿ. ಡೆಂಟಲ್ ಕ್ಲಿನಿಕ್ ಹುಡುಕ್ಕೊಂಡೂ ಕೂರಬೇಡಿ. ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ.

ಪೋದ ವಾರ ಸ್ಟೋರಿ ಹಾಕಿದಾಗ ಮೂರು ಜನ ರೂಟ್ ಕೆನಾಲ್ ಅಂದ್ರೆ ಭಯ ಅಂತ ಮೆಸೇಜ್ ಮಾಡಿದ್ರಿ. 2022ರಲ್ಲಿ ರೂಟ್ ಕೆನಾಲ್ ಆದಮೇಲೆ ಮುಖ ಊದಿದ ನಮ್ಮ ಬೆಂಗಳೂರಿನ ನಟಿಯ ಫೋಟೋ ಎಲ್ಲರ ಫೋನಲ್ಲೂ ಓಡಾಡಿತ್ತಲ್ಲ, ಅದರ ಪ್ರಭಾವ ಇರಬೇಕು. ಒಂದು ವಿಷಯ ಮಾತ್ರ ನಿಜ: ಕೀವು ತುಂಬಿದ ಜಾಗ ಆಸಿಡ್ ಥರ ಆಗಿರೋದ್ರಿಂದ ಮರಗಟ್ಟಿಸೋ ಇಂಜೆಕ್ಷನ್ ಅಲ್ಲಿ ಸರಿಯಾಗಿ ಕೆಲಸ ಮಾಡಲ್ಲ. ಅಂದ್ರೆ ಊದೋಕೆ ಮುಂಚೆ ಹೋದಷ್ಟೂ ನೋವು ಕಮ್ಮಿ.

ದುಡ್ಡಿನ ಚಿಂತೆ ಇರೋರಿಗೆ: ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ಡೆಂಟಲ್ ಕಾಲೇಜಿದೆ, ಯಲಹಂಕದಿಂದ ದೇವನಹಳ್ಳಿ ಕಡೆ ಹೋಗೋ ಬಸ್ ಹತ್ತಿದ್ರೆ ಏರ್‌ಫೋರ್ಸ್ ಸ್ಟೇಷನ್ ದಾಟಿ ಸಿಗುತ್ತೆ. ಸರ್ಕಾರಿ ಡೆಂಟಲ್ ಕಾಲೇಜು ಮಾರ್ಕೆಟ್ ಹತ್ರ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಪ್ರೈವೇಟ್ ಕ್ಲಿನಿಕ್‌ಗಿಂತ ಕಮ್ಮಿ ಆಗುತ್ತೆ. ನಮ್ಮ ವಯಸ್ಸಿನ ಸ್ಟೂಡೆಂಟ್ಸೇ ಮಾಡ್ತಾರೆ ಅಂತ ಹೆದರಬೇಡಿ, ಮೇಲೆ ನೋಡ್ಕೊಳ್ಳೋಕೆ ಮೇಷ್ಟ್ರುಗಳಿರ್ತಾರೆ. ಟೈಮ್ ಮಾತ್ರ ಜಾಸ್ತಿ ಹಿಡಿಯುತ್ತೆ, ಬೆಳಗ್ಗೆನೇ ಹೋಗಿ. ಅಟೆಂಡೆನ್ಸ್ ಶಾರ್ಟೇಜ್ ಇರೋರು ಓಪಿ ಚೀಟಿ ಎಸೀಬೇಡಿ, ಆಫೀಸಲ್ಲಿ ಕೇಳ್ತಾರೆ.