ಯಂತ್ರ ಬಲ್ಲವನ ಮತಪತ್ರ

2025ರ ಫೆಬ್ರವರಿ 23, ಭಾನುವಾರ. ಬರ್ಲಿನ್ನಿನ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯ ಒಂದು ಬೇಕರಿಯಲ್ಲಿ ಕೂತಿದ್ದೀರಿ. ಸಂಜೆ ಐದೂ ಕಾಲು, ಹೊರಗೆ ಹೊತ್ತು ಇಳಿಯುತ್ತಿದೆ. ನಿಮ್ಮೆದುರು ಕೂತಾತನಿಗೆ ನಲವತ್ತು ದಾಟಿದೆ. ಕಂಪನಿಗಳ ಸಂಬಳದ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆಯುವುದು ಅವನ ಕಸುಬು. ಇವತ್ತು ಮಾತ್ರ ಬೆಳಿಗ್ಗೆ ಎಂಟರಿಂದ ಪಕ್ಕದ ಬೀದಿಯ ಶಾಲೆಯಲ್ಲಿ ಮತಪತ್ರ ಹಂಚಿದ್ದಾನೆ. ಆರಕ್ಕೆ ಎಣಿಕೆಗೆ ಮತ್ತೆ ಹೋಗಬೇಕು. ಈ ದೇಶದಲ್ಲಿ ಸಂಸತ್ ಚುನಾವಣೆ ನಡೆಸುವವರು ಇಂಥವರೇ, ಊರೂರಿನಿಂದ ಬಂದ ಆರು ಲಕ್ಷಕ್ಕೂ ಹೆಚ್ಚು ಜನ. ಕೈಗೆ ಸಿಗುವುದು ಪುಡಿಗಾಸು.

ಕಾಫಿಯ ದುಡ್ಡು ಕೊಡಲು ನೀವು ಕಾರ್ಡ್ ತೆಗೆಯುವಷ್ಟರಲ್ಲಿ ಆತ ನಾಣ್ಯ ಎಣಿಸಿಟ್ಟಾಗಿದೆ. ಟೀ ಅಂಗಡಿಯಲ್ಲೂ ಯುಪಿಐ ಮಾಡುವ ಬೆಂಗಳೂರಿನವರಿಗೆ ನಗು ಬರುತ್ತದೆ. ಕಂಪ್ಯೂಟರ್‌ನಲ್ಲೇ ಬದುಕುವವನಿಗೆ ಚಿಲ್ಲರೆ ಮೇಲೆ ಇಷ್ಟು ಮೋಹವೇ?

"ನಾನು ಎಲ್ಲಿ ಏನು ಕುಡಿದೆ ಅನ್ನೋ ಲೆಕ್ಕ ಇನ್ನೊಬ್ಬರ ಹತ್ತಿರ ಯಾಕಿರಬೇಕು?" ಎನ್ನುತ್ತಾನೆ. ಮಾತು ಅಲ್ಲಿಂದ ವೈರ್‌ಕಾರ್ಡ್‌ಗೆ ಹಾರುತ್ತದೆ. ಮ್ಯೂನಿಕ್ ಹತ್ತಿರದ ಆ ಪಾವತಿ ಕಂಪನಿ ಒಂದು ಕಾಲಕ್ಕೆ ಜರ್ಮನಿಯ ಹೆಮ್ಮೆ, ಶೇರುಪೇಟೆಯ ಮೊದಲ ಸಾಲಿನ ಹೆಸರು. 2020ರ ಜೂನ್‌ನಲ್ಲಿ ಅದರ ಲೆಕ್ಕದಲ್ಲಿದ್ದ 190 ಕೋಟಿ ಯೂರೋ ಬ್ಯಾಂಕಿನಲ್ಲಿ ಇರಲೇ ಇಲ್ಲ ಎಂದಾಯಿತು. ಅದಕ್ಕೂ ಹಿಂದಿನ ವರ್ಷ ಹಣಕಾಸು ನಿಯಂತ್ರಕರು ಕಂಪನಿಯ ಮೇಲಲ್ಲ, ಸಂಶಯ ಎತ್ತಿ ಬರೆದ ಪತ್ರಕರ್ತರ ಮೇಲೆ ದೂರು ಕೊಟ್ಟಿದ್ದರು. "ವರ್ಷಗಟ್ಟಲೆ ಯಾರೂ ಹೋಗಿ ದುಡ್ಡು ಇದೆಯಾ ಅಂತ ನೋಡಲಿಲ್ಲ, ಅಷ್ಟೇ" ಎಂದು ಲೋಟ ಕೆಳಗಿಡುತ್ತಾನೆ. ಹಾಗಂತ ತಂತ್ರಜ್ಞಾನವೇ ಬೇಡ ಎನ್ನುವವನಲ್ಲ. ಸರ್ಕಾರಿ ಕಚೇರಿಗಳು ಇನ್ನೂ ಫ್ಯಾಕ್ಸ್ ಕಳಿಸುವುದು ಅವನಿಗೆ ನಾಚಿಕೆ. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರ್‌ಗಳನ್ನು ಮೈಕ್ರೋಸಾಫ್ಟ್ ಆಫೀಸ್‌ನಿಂದ ಲಿಬ್ರೆ ಆಫೀಸ್‌ಗೆ ಬದಲಿಸಲು ಹೊರಟದ್ದು ಸಂತೋಷ.

ಶಾಲೆಯ ಬಾಗಿಲು ದಾಟುತ್ತಿದ್ದಂತೆ ಆತ ಬಾಯಿ ಮುಚ್ಚುತ್ತಾನೆ. ಒಳಗೆ ರಾಜಕೀಯ ಮಾತಿಲ್ಲ. ಚುನಾವಣಾ ಕೆಲಸದವರ ಅಂಗಿ ಮೇಲೆ ಪಕ್ಷದ ಗುರುತೂ ಇರಕೂಡದು. ಆದರೆ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಪಾಸು ಬೇಡ, ಏಜೆಂಟನೆಂಬ ಚೀಟಿ ಬೇಡ, ಈ ದೇಶದ ಪ್ರಜೆಯೂ ಆಗಿರಬೇಕಿಲ್ಲ. ಎಣಿಕೆ ನೋಡುವ ಹಕ್ಕು ಎಲ್ಲರಿಗೂ ಇದೆ. ಗೋಡೆಗೊರಗಿ ನಿಲ್ಲುತ್ತೀರಿ.

ಆರು ಗಂಟೆ. ಸಾಲಿನಲ್ಲಿ ನಿಂತಿದ್ದವರು ಮತ ಹಾಕಿ ಮುಗಿಸುತ್ತಾರೆ. ನರೆಗೂದಲ ಮುಖ್ಯಸ್ಥೆ ಮತದಾನ ಮುಗಿಯಿತೆಂದು ಗಟ್ಟಿಯಾಗಿ ಹೇಳಿ, ಉಳಿದ ಖಾಲಿ ಮತಪತ್ರಗಳನ್ನು ಮೇಜಿನಿಂದ ತೆಗೆಸುತ್ತಾಳೆ. ಬೀಗ ತೆಗೆದು ಪೆಟ್ಟಿಗೆ ಬೋರಲು ಹಾಕಿದಾಗ ಮಡಿಸಿದ ಕಾಗದ ಜೋಡಿಸಿಟ್ಟ ಮೇಜುಗಳ ತುಂಬ ಹರಡಿಕೊಳ್ಳುತ್ತದೆ. ಒಂದೊಂದನ್ನೂ ಬಿಡಿಸುತ್ತಾರೆ. ಎಡಗಡೆ ಕಪ್ಪಕ್ಷರದಲ್ಲಿ ಕ್ಷೇತ್ರದ ಅಭ್ಯರ್ಥಿಗಳು, ಬಲಗಡೆ ನೀಲಿಯಲ್ಲಿ ಪಕ್ಷಗಳು. ಒಬ್ಬೊಬ್ಬರಿಗೂ ಎರಡು ಮತ.

ಮೊದಲ ಲೆಕ್ಕವೇ ತಾಳೆಯಾಗುವುದಿಲ್ಲ. ಮತದಾರರ ಪಟ್ಟಿಯ ಗುರುತುಗಳಿಗಿಂತ ಒಂದು ಕಾಗದ ಕಡಿಮೆ. ಯಾರೂ ಗೊಣಗುವುದಿಲ್ಲ, ಮತ್ತೆ ಎಣಿಸುತ್ತಾರೆ. ಒಂದರ ಮಡಿಕೆಯೊಳಗೆ ಇನ್ನೊಂದು ಸಿಕ್ಕಿಕೊಂಡಿದ್ದನ್ನು ನಮ್ಮ ಪ್ರೋಗ್ರಾಮರೇ ಹುಡುಕಿ ಎತ್ತಿ ಹಿಡಿಯುತ್ತಾನೆ. ಎರಡೂ ಮತ ಒಂದೇ ಪಕ್ಷಕ್ಕೆ ಬಿದ್ದವು ಒಂದು ಕಡೆ, ಹಂಚಿಹೋದವು ಇನ್ನೊಂದು ಕಡೆ, ಖಾಲಿ ಬಿಟ್ಟವು ಬೇರೆ. ಒಬ್ಬರು ಎಣಿಸಿದ ಕಟ್ಟನ್ನು ಇನ್ನೊಬ್ಬರು ಎಣಿಸುತ್ತಾರೆ. ಒಂದು ಕಾಗದದಲ್ಲಿ ಗುರುತು ಎರಡು ವೃತ್ತಗಳ ನಡುವೆ ಬಿದ್ದಿದೆ; ಕುಲಗೆಟ್ಟ ಮತವೋ ಅಲ್ಲವೋ ಎಂದು ಎಲ್ಲರೂ ಕೈಯೆತ್ತಿ ತೀರ್ಮಾನಿಸಿ, ತೀರ್ಮಾನವನ್ನು ಅದರ ಬೆನ್ನ ಮೇಲೇ ಬರೆಯುತ್ತಾರೆ.

ಎಲ್ಲ ಮುಗಿದ ಮೇಲೆ ಮುಖ್ಯಸ್ಥೆ ಅಂಕಿ ಓದಿ ಹೇಳಿ ಫೋನ್ ಮಾಡುತ್ತಾಳೆ. ಕಂಪ್ಯೂಟರು ಬರುವುದು ಅಲ್ಲಿಂದ ಮುಂದೆ. ಅಲ್ಲೂ ತೂತುಗಳಿದ್ದವು. ಫಲಿತಾಂಶ ಕೂಡಿಸುವ ಪಿಸಿ-ವಾಲ್ ಎಂಬ ತಂತ್ರಾಂಶದ ದೋಷಗಳನ್ನು ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ಹ್ಯಾಕರ್‌ಗಳು 2017ರ ಚುನಾವಣೆಗೆ ಕೆಲವೇ ವಾರ ಮೊದಲು ಬಯಲಿಗಿಟ್ಟರು.

ಮೆಟ್ಟಿಲಿಳಿಯುವಾಗ ಆತನ ಬಾಯಿ ಮತ್ತೆ ತೆರೆಯುತ್ತದೆ. ಜರ್ಮನಿಯೂ ಯಂತ್ರ ಪ್ರಯತ್ನಿಸಿತ್ತು. 2005ರ ಸಂಸತ್ ಚುನಾವಣೆಯಲ್ಲಿ ಸುಮಾರು 20 ಲಕ್ಷ ಜನ ಡಚ್ ಕಂಪನಿ ನೆಡಾಪ್‌ನ ಗುಂಡಿ ಒತ್ತಿದ್ದರು. ಮರುವರ್ಷ ನೆದರ್ಲೆಂಡ್ಸಿನ ಹೋರಾಟಗಾರರು ಅಂಥದೇ ಯಂತ್ರದ ಒಳಗಿನ ತಂತ್ರಾಂಶ ಬದಲಿಸಿ, ಅದರಲ್ಲಿ ಚೆಸ್ ಆಡಿ ತೋರಿಸಿದರು. ಯೋಆಕಿಮ್ ವೀಸ್ನರ್ ಮತ್ತು ಉಲ್ರಿಚ್ ವೀಸ್ನರ್ ಎಂಬ ತಂದೆ-ಮಗ ಕೋರ್ಟಿಗೆ ಹೋದರು. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕು ಎಂದು ಕಾರ್ಲ್ಸ್‌ರೂಯೆಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್ 3ರಂದು ಹೇಳಿತು. ಹಳೆಯ ಫಲಿತಾಂಶ ರದ್ದಾಗಲಿಲ್ಲ, ಯಂತ್ರಗಳು ಹೋದವು.

ನಮ್ಮ ಮತಯಂತ್ರಗಳು ಬೆಂಗಳೂರಿನ ಬಿಇಎಲ್‌ನಲ್ಲೂ ತಯಾರಾಗುತ್ತವೆ, ಮತದಾರರು 96 ಕೋಟಿಗೂ ಹೆಚ್ಚು ಎಂದು ನೀವು ಹೇಳುತ್ತೀರಿ. ಮತಗಟ್ಟೆ ವಶಪಡಿಸಿಕೊಂಡು ಚೀಟಿ ಒತ್ತಿ ತುಂಬುತ್ತಿದ್ದ ಕಾಲದ ಕಥೆಯನ್ನೂ ಹೇಳುತ್ತೀರಿ. ಆತ ನಿಂತು ಕೇಳುತ್ತಾನೆ.

"ನಿಮ್ಮ ಯಂತ್ರ ಕೆಟ್ಟದ್ದು ಅನ್ನಲ್ಲ. ಅದು ಸರಿಯಿದೆ ಅಂತ ಹೇಳೋಕೆ ನನ್ನಂಥವರು ಬೇಕಾಗ್ತಾರಲ್ಲ, ಅದು ನನಗಿಷ್ಟವಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಎಷ್ಟು ತಪ್ಪಿರುತ್ತೆ ಅಂತ ನನಗೆ ಗೊತ್ತು."

ಮಾತು ಚೆನ್ನಾಗಿದೆ, ಆದರೆ ಆರು ಕೋಟಿ ಮತದಾರರ ದೇಶದಲ್ಲಿ ಇದನ್ನು ಹೇಳುವುದು ಸುಲಭ. ನಮ್ಮ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತಪತ್ರಕ್ಕೆ ಮರಳಬೇಕೆಂಬ ಮನವಿಯನ್ನು ತಳ್ಳಿಹಾಕಿತು. ಕಾಗದವೇನು ದೇವರೇ? ಇದೇ ಬರ್ಲಿನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಮ್ಯಾರಥಾನ್ ಓಟದ ದಿನವೇ ಚುನಾವಣೆ ಇಟ್ಟುಕೊಂಡು, ಮತಪತ್ರ ಸಾಲದೆ, ಆರು ದಾಟಿದರೂ ಸಾಲು ಕರಗದೆ, 2023ರ ಫೆಬ್ರವರಿಯಲ್ಲಿ ನಗರದ ಶಾಸನಸಭೆಯ ಇಡೀ ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ಇದನ್ನು ನೆನಪಿಸಿದರೆ ಆತ ಒಪ್ಪುತ್ತಾನೆ, ಸಿಟ್ಟಾಗುವುದಿಲ್ಲ. "ಆವತ್ತು ತಪ್ಪು ನಡೆದದ್ದು ಎಲ್ಲರ ಕಣ್ಣಿಗೂ ಬಿತ್ತು" ಎಂದಷ್ಟೇ ಹೇಳಿ ಸೈಕಲ್ಲಿನ ಬೀಗ ತೆಗೆಯುತ್ತಾನೆ.

2025ರ ಈ ಚುನಾವಣೆಯಲ್ಲಿ ಸಾರಾ ವಾಗೆನ್‌ಕ್ನೆಖ್ಟ್ ಅವರ ಪಕ್ಷ ಗಳಿಸಿದ್ದು ಶೇ 4.98. ಸಂಸತ್ತಿಗೆ ಹೋಗಲು ಬೇಕಿದ್ದ ಶೇ 5ಕ್ಕೆ ಇಡೀ ದೇಶದಲ್ಲಿ ಕಡಿಮೆ ಬಿದ್ದದ್ದು ಹತ್ತು ಸಾವಿರಕ್ಕೂ ಕಮ್ಮಿ ಮತ. ಪಕ್ಷ ಮರುಎಣಿಕೆ ಕೇಳಿತು. ಮುಂದಿನ ಸಂಸತ್ ಚುನಾವಣೆಗೆ 60 ದಿನ ಉಳಿಯುವವರೆಗೂ ಮತಪತ್ರಗಳನ್ನು ನಾಶಮಾಡುವಂತಿಲ್ಲ ಎಂಬುದು ಅಲ್ಲಿನ ಸಾಮಾನ್ಯ ನಿಯಮ.