ನಮ್ಮನೆ ಹವಳ ವಿಮಾನ ಹತ್ತುವುದಿಲ್ಲ

ಹವಳ ಅಂದ ತಕ್ಷಣ ನಮ್ಮಲ್ಲಿ ನೆನಪಾಗೋದು ಕೊರಳ ಸರ, ಇಲ್ಲವೇ ಉಂಗುರ. ವಿಡಿಯೋ ಕಾಲ್‌ನಲ್ಲಿ ನನ್ನ ಟ್ಯಾಂಕ್ ನೋಡಿದ ಅಮ್ಮನೂ ಅದನ್ನೇ ಕೇಳಿದ್ದು: "ಅಜ್ಜಿ ಸರದಲ್ಲಿತ್ತಲ್ಲೇ, ಅದೇನಾ ಇದು?"

ಅದಲ್ಲ. ಸರಕ್ಕೆ ಪೋಣಿಸುವ ಕೆಂಪು ಹವಳದ ಕುಲವೇ ಬೇರೆ. ನನ್ನ ಹತ್ತಿರ ಇರೋದು ಕಲ್ಲುಹವಳ, ಹೆಸರು ಹ್ಯಾಮರ್ ಕೋರಲ್. ಎಳೆಗಳ ತುದಿ ಪುಟ್ಟ ಸುತ್ತಿಗೆಯ ಹಾಗಿರೋದರಿಂದ ಆ ಹೆಸರು. ನೋಡೋಕೆ ನೀರಲ್ಲಿ ಓಲಾಡೋ ಹೂಗೊಂಚಲು. ಆದರೆ ಅದು ಪ್ರಾಣಿ. ಕೆಳಗಿನ ಕಲ್ಲು, ಅದು ತನಗೆ ತಾನೇ ಕಟ್ಟಿಕೊಂಡ ಸುಣ್ಣದ ಅಸ್ಥಿಪಂಜರ.

ಕೆಲಸಕ್ಕೆಂದು ಅಮೆರಿಕದ ಆಸ್ಟಿನ್‌ಗೆ ಬಂದ ಮೇಲೆ, 2020ರಲ್ಲಿ ತಂದಾಗ ಅದಕ್ಕೆ ಇದ್ದದ್ದು ಎರಡೇ ತಲೆ. ಒಂದು ತಲೆ ಬೆಳೆದು ಅದರಲ್ಲಿ ಎರಡು ಬಾಯಿ ಮೂಡುತ್ತವೆ, ನಿಧಾನಕ್ಕೆ ಕೆಳಗಿನ ಕಲ್ಲೂ ಕವಲೊಡೆಯುತ್ತದೆ. ಈಗ 14 ತಲೆಗಳಿವೆ.

ಇದರ ಊಟದ ಬಹುಪಾಲು ಮೈಯೊಳಗೇ ತಯಾರಾಗುತ್ತದೆ. ಅಂಗಾಂಶದಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಸಕ್ಕರೆ ಮಾಡಿ ಬಾಡಿಗೆ ಕೊಡುತ್ತವೆ. ನೀರು ತೀರಾ ಬಿಸಿಯಾದರೆ ಹವಳ ಆ ಬಾಡಿಗೆದಾರರನ್ನೇ ಹೊರಹಾಕಿ ಬೆಳ್ಳಗಾಗುತ್ತದೆ. ಹಾಗಾಗಿ 25–26 ಡಿಗ್ರಿ ದಾಟಲು ಬಿಡುವುದಿಲ್ಲ. ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, ಕ್ಷಾರೀಯತೆ 8ರಿಂದ 9 ಡಿಕೆಎಚ್. ಕಲ್ಲು ಕಟ್ಟಲು ಇವೆರಡೂ ಬೇಕು. ತಲೆಗಳು ಹೆಚ್ಚಾದಂತೆ ಖರ್ಚೂ ಹೆಚ್ಚು. ಮೊದಮೊದಲು ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕಿತ್ತು, ಈಗ ಪುಟ್ಟ ಪಂಪ್ ದಿನಾ ಹನಿ ಹನಿಯಾಗಿ ಸೇರಿಸುತ್ತದೆ.

ಅಂಕಿ ಎಂಟೋ ಒಂಬತ್ತೋ, ಅದು ಅಷ್ಟು ಮುಖ್ಯವಲ್ಲ. ಇವತ್ತು ಎಂಟಿದ್ದದ್ದು ನಾಳೆ ಹತ್ತಾಗಬಾರದು, ಅಷ್ಟೇ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ, ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೈ ಹಾಕಬಾರದು.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹಿಮದಲ್ಲಿ ಹೂತು, ಕರೆಂಟೇ ಹೋಯಿತು. ಮನೆಯಲ್ಲಿದ್ದ ರಗ್ಗುಗಳೆಲ್ಲ ಟ್ಯಾಂಕ್‌ಗೆ, ನನಗೆ ಎರಡೆರಡು ಸ್ವೆಟರ್. ಬ್ಯಾಟರಿಯ ಏರ್ ಪಂಪ್ ಸದ್ದು ಕೇಳುತ್ತಾ ರಾತ್ರಿ ಕಳೆದೆ. ನೀರು 20 ಡಿಗ್ರಿಗೆ ಇಳಿದರೂ ಹವಳ ಬದುಕಿತು. ಅಲ್ಲಿಂದಾಚೆ ಅದು ಹವ್ಯಾಸವಾಗಿ ಉಳಿಯಲಿಲ್ಲ, ಮನೆಮಂದಿಯಾಯಿತು.

ಈಗ ನಾನು ಬೆಂಗಳೂರಿಗೆ ವಾಪಸ್ ಹೊರಟಿದ್ದೇನೆ. ಹವಳ ಬರುವಂತಿಲ್ಲ. ಕಲ್ಲುಹವಳಗಳು ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಭಾರತದಲ್ಲಂತೂ 2001ರಲ್ಲಿ ಇವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಪಕ್ಕಕ್ಕೆ, ಸೇರಿಸಿದರು. ಬೇಜಾರಾಯಿತು, ನಿಜ. ಆದರೆ ನೇತ್ರಾಣಿಯ ಹವಳ ಯಾರದೋ ಗಾಜಿನ ಪೆಟ್ಟಿಗೆ ಸೇರೋದು ನನಗೂ ಬೇಡ. ಕಾನೂನಿನ ಜೊತೆ ಜಗಳವಿಲ್ಲ.

ಹವಳ ಸಾಕುವವರಲ್ಲಿ ಒಂದು ಮಾತಿದೆ: ಉಳಿಸಿಕೊಳ್ಳಬೇಕಾದರೆ ಹಂಚು. ನಿಮ್ಮ ಟ್ಯಾಂಕ್ ಕೆಟ್ಟರೂ ಇನ್ನೊಬ್ಬರ ಮನೆಯಲ್ಲಿ ಅದೇ ಜೀವ ಇರುತ್ತದೆ. ನಮ್ಮಲ್ಲಿ ಮನೆ ಖಾಲಿ ಮಾಡುವಾಗ ಮಲ್ಲಿಗೆ ಕಡ್ಡಿ ಪಕ್ಕದವರಿಗೆ ಕೊಟ್ಟು ಬರ್ತೀವಲ್ಲ, ಹಾಗೆ.

ಕಳೆದ ಭಾನುವಾರ ಕತ್ತರಿಸಿದೆ. ಮಾಂಸದ ಭಾಗ ಮುಟ್ಟದೆ, ತುಂಬಾ ಕೆಳಗೆ ಬರಿ ಕಲ್ಲನ್ನು ಗರಗಸದಲ್ಲಿ ಕೊಯ್ಯಬೇಕು. ಹವಳ ಹೆದರಿ ಪೂರ್ತಿ ಒಳಗೆ ಮುದುಡಿಕೊಂಡಿತ್ತು. ನಾಲ್ಕು ತುಂಡು, ನಾಲ್ಕು ಮನೆ. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದೆ: ಮೊದಲ ವಾರ ಬೆಳಕು ಕಮ್ಮಿ ಇರಲಿ. ಬೇರೆ ಹವಳಗಳಿಂದ ಒಂದು ಗೇಣು ದೂರ ಇಡಿ, ರಾತ್ರಿ ಉದ್ದನೆಯ ಎಳೆ ಚಾಚಿ ಕುಟುಕುತ್ತದೆ. ಎರಡು ದಿನ ಅರಳದಿದ್ದರೆ ಗಾಬರಿ ಬೇಡ.

ಮೂರು ಮನೆಗಳಿಂದ ಅರಳಿದ ಫೋಟೋ ಬಂದಿದೆ. ನಾಲ್ಕನೆಯದಕ್ಕೆ ಕಾಯುತ್ತಿದ್ದೇನೆ.